ಮೂರು ಬಣ್ಣದ ಗಡಿಯಾರ

ಲಂಡನ್ ನೋಡಲು ಹೋದವರು ಸಾಮಾನ್ಯವಾಗಿ ಅಕ್ಸ್‌ಬ್ರಿಡ್ಜ್‌ವರೆಗೆ ಹೋಗುವುದಿಲ್ಲ. ನಗರದ ಪಶ್ಚಿಮದ ಅಂಚಿನ ಊರು ಅದು. ಭೂಗತ ರೈಲಿನ ಮೆಟ್ರೊಪಾಲಿಟನ್ ಮತ್ತು ಪಿಕಡಿಲಿ ಎಂಬ ಎರಡು ಮಾರ್ಗಗಳು ಅಲ್ಲಿಗೆ ಬಂದು ಮುಗಿಯುತ್ತವೆ. ಹೆಸರಿಗೆ ಭೂಗತವಾದರೂ ಅಷ್ಟು ದೂರ ಬರುವ ಹೊತ್ತಿಗೆ ರೈಲು ನೆಲದ ಮೇಲೆ, ಮನೆಗಳ ಹಿತ್ತಿಲುಗಳ ಪಕ್ಕದಲ್ಲಿ ಓಡುತ್ತಿರುತ್ತದೆ. ಅರಮನೆ, ಗೋಪುರ, ದೊಡ್ಡ ಮ್ಯೂಸಿಯಂ ಯಾವುದೂ ಅಲ್ಲಿಲ್ಲ. ನಾನು ಹೋದದ್ದು ಒಂದು ಗಡಿಯಾರ ನೋಡಲು.

ಕನ್ನಡವನ್ನು ಪರದೆಯ ಮೇಲೆ ಓದಲು ಅನುಕೂಲ ಮಾಡಿಕೊಡುವ ತಂತ್ರಾಂಶ ಕಟ್ಟುವುದು ನನ್ನ ಕಸುಬು. ಸುದ್ದಿ, ಕತೆ, ಹಳೆಯ ಪುಸ್ತಕ, ಮಕ್ಕಳ ಪಾಠ ಎಲ್ಲವೂ ಫೋನಿನ ಅಂಗೈಯಗಲದ ಗಾಜಿನ ಮೇಲೆ ಬರಬೇಕು, ಬಂದದ್ದು ಕಣ್ಣಿಗೆ ಹಿತವಾಗಿರಬೇಕು. ಈ ಕೆಲಸದಲ್ಲಿರುವ ನಮ್ಮಂಥವರು ಮಾತಾಡುವುದೆಲ್ಲ ವೇಗದ ಬಗ್ಗೆ, ಬಳಕೆದಾರರ ಸಂಖ್ಯೆಯ ಬಗ್ಗೆ. ಓದುವ ಮನುಷ್ಯನ ಬಗ್ಗೆ ಮಾತು ಕಡಿಮೆ. ಅಕ್ಸ್‌ಬ್ರಿಡ್ಜ್‌ನ ಗಡಿಯಾರದ ಬಗ್ಗೆ ಓದಿದಾಗ, ಓದುವವರನ್ನೇ ಮುಂದಿಟ್ಟುಕೊಂಡು ಮಾಡಿದ ವಸ್ತುವೊಂದನ್ನು ಅದು ಇರುವ ಜಾಗದಲ್ಲೇ ನಿಂತು ನೋಡಬೇಕು ಅನ್ನಿಸಿತ್ತು.

ನಿಲ್ದಾಣದಲ್ಲೇ ಸ್ವಲ್ಪ ಹೊತ್ತು ನಿಂತೆ. ಈಗಿನ ಕಟ್ಟಡ 1938ರದು, ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್. ಎತ್ತರದ ಕಾಂಕ್ರೀಟ್ ಚಾವಣಿ, ಮೇಲಿನಿಂದ ಇಳಿಯುವ ಬೆಳಕು. ಹೊರಬಾಗಿಲ ಬಳಿ ಬಣ್ಣದ ಗಾಜಿನ ಕಿಟಕಿಗಳು. ಒಂದರಲ್ಲಿ ಮಿಡ್ಲ್‌ಸೆಕ್ಸ್ ಪ್ರಾಂತದ ಬಾಗುಕತ್ತಿಗಳಿವೆ, ಇನ್ನೊಂದರಲ್ಲಿ ಬಕಿಂಗ್‌ಹ್ಯಾಮ್‌ಶೈರ್‌ನ ಸರಪಳಿ ಹಾಕಿದ ಹಂಸ. ಅವನ್ನು ಮಾಡಿದ ಎರ್ವಿನ್ ಬೊಸ್ಸಾನ್ಯಿ ಹಂಗೆರಿಯಲ್ಲಿ ಹುಟ್ಟಿದವರು, ಹಿಟ್ಲರನ ಜರ್ಮನಿ ಬಿಟ್ಟು 1934ರಲ್ಲಿ ಇಂಗ್ಲೆಂಡಿಗೆ ಬಂದವರು. ನೆಲೆ ಕಳೆದುಕೊಂಡು ಬಂದ ಕಲಾವಿದನ ಕೈಯಲ್ಲಿ ಊರಿನವರ ಲಾಂಛನ ಬರೆಸಿದ್ದಾರೆ ಎಂಬುದು ನನಗೆ ತುಂಬಾ ಇಷ್ಟವಾಯಿತು. ನಿಲ್ದಾಣದ ಹೆಸರು ಬರೆದ ಅಕ್ಷರಗಳು ಎಡ್ವರ್ಡ್ ಜಾನ್‌ಸ್ಟನ್ ರೂಪಿಸಿದವು, 1916ರಿಂದ ಬಳಕೆಯಲ್ಲಿವೆ. ರೈಲು ಇನ್ನೂ ಓಡುತ್ತಿರುವಾಗಲೇ, ಕಿಟಕಿಯಾಚೆ ನೋಡುವವನಿಗೆ ಯಾವ ನಿಲ್ದಾಣ ಎಂದು ತಿಳಿಯುವಷ್ಟು ಸ್ಪಷ್ಟವಾದ ಅಕ್ಷರಗಳು ಅವು. ನೂರು ವರ್ಷ ದಾಟಿದರೂ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ನಡೆದುಬಂದಿವೆ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೊಸ ಮನೆಗಳ ಬಡಾವಣೆಯೊಂದರ ಅಂಚಿನಲ್ಲಿ ಬ್ಯಾಟಲ್ ಆಫ್ ಬ್ರಿಟನ್ ಬಂಕರ್ ಇದೆ. ಮೊದಲು ಈ ಜಾಗವೆಲ್ಲ ವಾಯುಪಡೆಯ ನೆಲೆ. 2010ರಲ್ಲಿ ಅದು ಮುಚ್ಚಿತು, ಈಗ ಹಿಲಿಂಗ್‌ಡನ್ ಪೌರಸಭೆ ಬಂಕರನ್ನು ನೋಡಿಕೊಳ್ಳುತ್ತದೆ. ಮೇಲೆ ನಿಂತರೆ ಹುಲ್ಲು ಮಾತ್ರ ಕಾಣುತ್ತದೆ. ಒಂದು ಬಾಗಿಲು, ಅದರೊಳಗೆ ಕೆಳಗಿಳಿಯುವ 76 ಮೆಟ್ಟಿಲು. ಇಳಿದಂತೆ ಗಾಳಿ ತಣ್ಣಗಾಗುತ್ತದೆ, ಗೋಡೆಯ ಬಣ್ಣ ಸರ್ಕಾರಿ ಆಸ್ಪತ್ರೆಯ ಓಣಿಯನ್ನು ನೆನಪಿಸುತ್ತದೆ. ಸುಮಾರು 60 ಅಡಿ ಆಳದಲ್ಲಿರುವ ಈ ಕೋಣೆಗಳನ್ನು 1939ರಲ್ಲಿ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ತುಸು ಮುಂಚೆ ಕಟ್ಟಿ ಮುಗಿಸಿದರು.

1940ರ ಬೇಸಿಗೆಯಲ್ಲಿ ಲಂಡನ್ನನ್ನೂ ಇಂಗ್ಲೆಂಡಿನ ಆಗ್ನೇಯ ಭಾಗವನ್ನೂ ಜರ್ಮನ್ ಬಾಂಬರ್‌ಗಳಿಂದ ಕಾಯುವ ಹೊಣೆ ವಾಯುಪಡೆಯ 11ನೇ ಗ್ರೂಪ್‌ನದು, ಅದರ ಮುಖ್ಯಸ್ಥ ನ್ಯೂಜಿಲೆಂಡಿನ ಕೀತ್ ಪಾರ್ಕ್. ಆ ಗ್ರೂಪ್ ತನ್ನ ಯುದ್ಧ ನಡೆಸಿದ್ದು ಈ ಕೋಣೆಯಿಂದ. ನಡುವೆ ಒಂದು ವಿಶಾಲವಾದ ಮೇಜು, ಅದರ ಮೇಲೆ ದಕ್ಷಿಣ ಇಂಗ್ಲೆಂಡ್ ಮತ್ತು ಕಡಲಾಚೆಯ ಫ್ರಾನ್ಸ್ ತೀರದ ನಕ್ಷೆ. ಕಡಲ ತೀರದ ರೇಡಾರ್ ಕೇಂದ್ರಗಳು ಕಂಡದ್ದನ್ನು ದೂರವಾಣಿಯಲ್ಲಿ ಸ್ಟ್ಯಾನ್‌ಮೋರ್‌ನ ಬೆಂಟ್ಲಿ ಪ್ರಯರಿಗೆ ಹೇಳುತ್ತಿದ್ದವು. ಅಲ್ಲಿ ಒಂದು ಸೋಸುವ ಕೋಣೆ ಇತ್ತು. ಒಂದು ಕೇಂದ್ರ ಮೂವತ್ತು ವಿಮಾನ ಎಂದರೆ ಪಕ್ಕದ ಕೇಂದ್ರ ಐವತ್ತು ಎನ್ನಬಹುದು, ಇಬ್ಬರೂ ನೋಡುತ್ತಿರುವುದು ಒಂದೇ ಗುಂಪನ್ನೋ ಎರಡನ್ನೋ ಎಂದು ಯಾರಾದರೂ ತೀರ್ಮಾನಿಸಬೇಕಲ್ಲ. ಆ ಕೋಣೆಯವರ ಕೆಲಸ ಅದು. ಸೋಸಿದ ಸುದ್ದಿ ಮಾತ್ರ ಅಕ್ಸ್‌ಬ್ರಿಡ್ಜ್‌ಗೆ ಬರುತ್ತಿತ್ತು. ವಿಮಾನಗಳು ತೀರ ದಾಟಿ ನೆಲದ ಮೇಲೆ ಬಂದಮೇಲೆ ರೇಡಾರ್‌ಗೆ ಅವು ಕಾಣುತ್ತಿರಲಿಲ್ಲ. ಆಗ ಅಬ್ಸರ್ವರ್ ಕೋರ್ ಎಂಬ ಸ್ವಯಂಸೇವಕರ ಪಡೆ ಕಣ್ಣಿನಿಂದ, ಕಿವಿಯಿಂದ ಪತ್ತೆ ಮಾಡಿ ಹೇಳಬೇಕಿತ್ತು. ಮೇಜಿನ ಸುತ್ತ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿರುತ್ತಿದ್ದವರು ವಾಯುಪಡೆಯ ಮಹಿಳಾ ವಿಭಾಗದ ತರುಣಿಯರು. ಕೇಳಿದ ಸುದ್ದಿಯನ್ನು ಅವರು ಉದ್ದನೆಯ ಕೋಲುಗಳಿಂದ ಬಣ್ಣದ ಬಾಣಗಳನ್ನು ಸರಿಸಿ ನಕ್ಷೆಯ ಮೇಲೆ ಇಡುತ್ತಿದ್ದರು.

ಆ ಬಾಣಕ್ಕೆ ಯಾವ ಬಣ್ಣ ಎಂಬುದನ್ನು ಗೋಡೆಯ ಗಡಿಯಾರ ಹೇಳುತ್ತಿತ್ತು.

ಗಡಿಯಾರದ ಮುಖವನ್ನು ಐದೈದು ನಿಮಿಷದ ಹನ್ನೆರಡು ಭಾಗ ಮಾಡಿದ್ದಾರೆ. ಕೆಂಪು, ಹಳದಿ, ನೀಲಿ, ಮತ್ತೆ ಕೆಂಪು, ಹಳದಿ, ನೀಲಿ, ಹೀಗೆ ಸುತ್ತಲೂ. ನಿಮಿಷದ ಮುಳ್ಳು ಹಳದಿ ಭಾಗದಲ್ಲಿದ್ದಾಗ ಬಂದ ಸುದ್ದಿಗೆ ಹಳದಿ ಬಾಣ, ಮುಳ್ಳು ನೀಲಿಗೆ ಸರಿದರೆ ನೀಲಿ ಬಾಣ. ಅಷ್ಟೇ. ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ, ಯಾರಿಗಾದರೂ ಅರ್ಧ ನಿಮಿಷದಲ್ಲಿ ಕಲಿಸಬಹುದು. ಮೇಲಿನ ಉಪ್ಪರಿಗೆಯಲ್ಲಿ ಬಾಗಿದ ಗಾಜಿನ ಹಿಂದೆ ಕೂತ ಅಧಿಕಾರಿ ಕೆಳಗೆ ನೋಡಿದರೆ ಸಾಕು. ಶತ್ರು ಎಲ್ಲಿದ್ದಾನೆ ಎಂಬುದರ ಜೊತೆಗೆ, ಆ ಸುದ್ದಿ ಎಷ್ಟು ಹಳೆಯದು ಎಂಬುದೂ ಒಂದೇ ನೋಟಕ್ಕೆ ಸಿಕ್ಕುತ್ತಿತ್ತು. ಗಡಿಯಾರ ನೀಲಿಯಲ್ಲಿರುವಾಗ ಮೇಜಿನ ಮೇಲೆ ಇನ್ನೂ ಕೆಂಪು ಬಾಣ ಇದ್ದರೆ ಆ ಸುದ್ದಿಯನ್ನು ನೆಚ್ಚಿ ವಿಮಾನ ಹಾರಿಸುವಂತಿಲ್ಲ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ನಾನು ಅದನ್ನು ಆ ಕೋಣೆಯಲ್ಲಿ ನಿಂತು ಲೆಕ್ಕ ಹಾಕಿದಾಗಲೇ ಪೂರ್ತಿ ತಿಳಿದದ್ದು. ಬಣ್ಣ ಮೂರೇ. ಹದಿನೈದು ನಿಮಿಷಕ್ಕೊಮ್ಮೆ ಅದೇ ಬಣ್ಣ ಮರಳಿ ಬರುತ್ತದೆ. ಅಷ್ಟರೊಳಗೆ ಹಳೆಯ ಬಾಣವನ್ನು ತೆಗೆಯದಿದ್ದರೆ ಹಳತು ಹೊಸದರ ವೇಷ ಹಾಕಿಕೊಂಡುಬಿಡುತ್ತದೆ. ಹಾಗಾಗಿ ಹಳೆಯದನ್ನು ಕಿತ್ತುಹಾಕುವ ಶಿಸ್ತು ಬೇರೆ ನಿಯಮವಾಗಿ ಬೇಕಿಲ್ಲ, ಬಣ್ಣಗಳ ಸಂಖ್ಯೆಯೇ ಅದನ್ನು ಒತ್ತಾಯಿಸುತ್ತದೆ. ನಾಲ್ಕೋ ಐದೋ ಬಣ್ಣ ಇಟ್ಟಿದ್ದರೆ ಮೇಜು ಇನ್ನಷ್ಟು ವಿವರ ತೋರಿಸುತ್ತಿತ್ತು, ಜೊತೆಗೆ ಹಳಸಿದ ಸುದ್ದಿಯೂ ಅಲ್ಲೇ ಉಳಿದಿರುತ್ತಿತ್ತು. ನಾವು ತಂತ್ರಾಂಶ ಕಟ್ಟುವಾಗ ಸೇರಿಸುವುದನ್ನೇ ಪ್ರಗತಿ ಎಂದುಕೊಂಡಿರುತ್ತೇವೆ. ಇಲ್ಲಿ ಯಾರೋ ಮೂರಕ್ಕೆ ನಿಲ್ಲಿಸಿದ್ದಾರೆ, ಆ ನಿಲುಗಡೆಯೇ ಯಂತ್ರವನ್ನು ನಡೆಸಿದೆ.

ಮೇಜಿನ ಎದುರಿನ ಗೋಡೆಯ ತುಂಬ ಒಂದು ಫಲಕ. ಒಂದೊಂದು ಯುದ್ಧವಿಮಾನ ದಳಕ್ಕೆ ಒಂದೊಂದು ಸಾಲು ದೀಪ: ಸಜ್ಜಾಗಿದೆ, ಹಾರಿದೆ, ಶತ್ರು ಕಣ್ಣಿಗೆ ಬಿದ್ದಿದ್ದಾನೆ, ಇಂಧನಕ್ಕೆ ಇಳಿದಿದೆ. 1940ರ ಸೆಪ್ಟೆಂಬರ್ 15ರಂದು ಪ್ರಧಾನಿ ಚರ್ಚಿಲ್ ಉಪ್ಪರಿಗೆಯಲ್ಲಿ ಕೂತು ಇದನ್ನು ನೋಡುತ್ತಿದ್ದರು. ದಳಗಳು ಒಂದೊಂದಾಗಿ ಆಕಾಶಕ್ಕೆ ಹೋದದ್ದನ್ನು ದೀಪಗಳಲ್ಲೇ ಕಂಡು, ಕೈಯಲ್ಲಿ ಉಳಿದಿರುವ ದಳ ಎಷ್ಟು ಎಂದು ಪಾರ್ಕ್‌ರನ್ನು ಕೇಳಿದರಂತೆ, ಒಂದೂ ಇಲ್ಲ ಎಂಬ ಉತ್ತರ ಬಂತಂತೆ. ಚರ್ಚಿಲ್ ಇದನ್ನು ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ದೇಶದ ಪ್ರಧಾನಿಗೆ ಯಾರೂ ವರದಿ ಒಪ್ಪಿಸಬೇಕಾಗಿರಲಿಲ್ಲ, ಕೆಟ್ಟ ಸುದ್ದಿಯನ್ನು ಮೃದುಮಾಡಿ ಹೇಳುವವರೂ ನಡುವೆ ಇರಲಿಲ್ಲ. ಗೋಡೆ ಇದ್ದದ್ದನ್ನು ಇದ್ದಂತೆ ತೋರಿಸುತ್ತಿತ್ತು.

ಬಂಕರಿನೊಳಗೆ ಯುದ್ಧದ ವೀರಗಾಥೆಯೂ ಇದೆ, ಬೇಕಾದವರಿಗೆ ಅದು ಸಾಕಷ್ಟು ಸಿಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಶ್ರಮದ ಹಂಚಿಕೆ. ಸುದ್ದಿ ಹೊಸದೋ ಹಳೆಯದೋ ಎಂದು ನೆನಪಿಟ್ಟುಕೊಳ್ಳುವ ಕಷ್ಟವನ್ನು ಓದುವವನ ತಲೆಯಿಂದ ಇಳಿಸಿ ಕೋಣೆಯ ವ್ಯವಸ್ಥೆ ಹೊತ್ತುಕೊಂಡಿದೆ. ಓದುವವನಿಗೆ ಉಳಿದದ್ದು ಅವನೊಬ್ಬನೇ ಮಾಡಬಹುದಾದ ಕೆಲಸ, ಅಂದರೆ ತೀರ್ಮಾನ. ನಾನು ನಂಬಿರುವ ವಿನ್ಯಾಸ ಇದೇ.

ನಮ್ಮ ಫೋನುಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಪ್ರತಿ ಮಳೆಗಾಲದಲ್ಲೂ ಯಾವುದೋ ವರ್ಷದ ನೆರೆಯ ವಿಡಿಯೊ ಈಗಷ್ಟೇ ನಡೆದದ್ದೆಂಬಂತೆ ಗುಂಪಿನಿಂದ ಗುಂಪಿಗೆ ಹರಿಯುತ್ತದೆ. ಸೇತುವೆ ಕೊಚ್ಚಿಹೋಯಿತು ಎಂದು ಜನ ಹೆದರಿ ಊರಿಗೆ ಫೋನ್ ಮಾಡುತ್ತಾರೆ. ಕಳಿಸಿದವರಲ್ಲಿ ಬಹುತೇಕರು ಕೆಟ್ಟವರಲ್ಲ. ಆ ವಿಡಿಯೊ ತನ್ನ ವಯಸ್ಸನ್ನು ಮೈಮೇಲೆ ಹೊತ್ತುಕೊಂಡಿಲ್ಲ, ಅಷ್ಟೇ. ಅದು ಹೊರುವಂತೆ ಮಾಡುವುದು ಕಷ್ಟದ ತಂತ್ರಜ್ಞಾನವೂ ಅಲ್ಲ. ಮೊದಲು ಬಂದ ದಿನವನ್ನು ದೊಡ್ಡದಾಗಿ ತೋರಿಸಿದರೆ ಮುಟ್ಟಿ ನೋಡುವವರ ಸಂಖ್ಯೆ ಇಳಿಯುತ್ತದೆಂಬ ಭಯ ಇಂಥ ತಂತ್ರಾಂಶ ಮಾಡುವವರಿಗೆ. ಆ ಭಯಕ್ಕೆ ಓದುವವರು ಬೆಲೆ ತೆರುತ್ತಿದ್ದಾರೆ, ಇದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಉಳಿದುಕೊಂಡದ್ದು ಹಿಲಿಂಗ್‌ಡನ್ನಿನಲ್ಲಿ, ಧಾರವಾಡದ ಕಾಲದ ಗೆಳೆಯನ ಮನೆಯಲ್ಲಿ. ಬಂಕರಿನ ಕತೆ ಹೇಳಿದರೆ ಅವನ ಹೆಂಡತಿ, ನನಗೆ ವೈನಿ, ರೊಟ್ಟಿ ಬಡಿಯುತ್ತಲೇ ಕೇಳಿದರು. "ನಾವು ಇಷ್ಟು ವರ್ಷ ಇಲ್ಲೇ ಅದೀವಿ, ಒಮ್ಮೆನೂ ಕೆಳಗ ಇಳದಿಲ್ಲ ನೋಡ್ರಿ. ದಿನಾ ಅದರ ಮುಂದಿಂದನ ಹೋಗ್ತೀವಿ" ಎಂದರು. ಅಷ್ಟರಲ್ಲಿ ಅವರ ಮಗಳು ಅಪ್ಪನ ಫೋನ್ ಹಿಡಿದುಕೊಂಡು ಬಂದಳು. ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗಿ, ರಜೆಯ ದಿನ ಕನ್ನಡ ಅಕ್ಷರ ಕಲಿಯುತ್ತಾಳೆ. ಮಕ್ಕಳಿಗೆಂದೇ ಯಾರೋ ಮಾಡಿದ ಒಂದು ಕಲಿಕೆಯ ಆಟ ಅದರಲ್ಲಿತ್ತು. ಬೆರಳಿಟ್ಟು ಓದಿದಳು: "ನಮ ಹಳಿ."

"ನಮ್ಮ ಹಳ್ಳಿ ಅನ್ನು" ಎಂದ ಅಪ್ಪ.

"ಇಲ್ಲಿ ಹಂಗ ಇಲ್ಲಲ್ಲ. ಕಾಕಾ, ನೀವ ನೋಡ್ರಿ" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.

ಅವಳ ಮಾತು ನಿಜ. ಪಾಠದ ಹೆಸರು 'ನಮ್ಮ ಹಳ್ಳಿ'ಯೇ. ಅದನ್ನು ಒಂದು ನೀಲಿ ಗುಂಡಿಯೊಳಗೆ ಕೂರಿಸಿದ್ದರು, ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು. ಕೆಳಗಿನ ಒತ್ತುಗಳು ಗುಂಡಿಯ ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು. ಹುಡುಗಿ ಕಣ್ಣಿಗೆ ಕಂಡದ್ದನ್ನು ಚಾಚೂ ತಪ್ಪದೆ ಓದಿದ್ದಳು. ನಾವು ದೊಡ್ಡವರು ಭಾಷೆ ಗೊತ್ತಿರುವುದರಿಂದ ಇಲ್ಲದ ಒತ್ತನ್ನೂ ಮನಸ್ಸಿನಲ್ಲಿ ತುಂಬಿಕೊಂಡು ಮುಂದೆ ಹೋಗುತ್ತೇವೆ, ಆದ್ದರಿಂದ ಇಂಥ ಕೊರತೆ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ, ಯಾರೂ ದೂರುವುದೂ ಇಲ್ಲ. ಹೊಸದಾಗಿ ಕಲಿಯುವವರಿಗೆ ತುಂಬಿಕೊಳ್ಳಲು ಏನೂ ಇರುವುದಿಲ್ಲ. ನಮ್ಮ ಲಿಪಿ ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. 'ಶಾಸ್ತ್ರ', 'ರಾಷ್ಟ್ರ' ಎಂದು ಬರೆದರೆ ಒಂದು ಅಕ್ಷರಕ್ಕೆ ಎರಡು ಒತ್ತು ಸೇರಿ ಸಾಲಿನ ಕೆಳಗೆ ಇನ್ನೊಂದಷ್ಟು ಜಾಗ ಕೇಳುತ್ತವೆ. ಆ ಜಾಗವನ್ನು ಮೊದಲೇ ಬಿಟ್ಟು ಉಳಿದದ್ದನ್ನು ಕಟ್ಟಬೇಕು. ಇಂಗ್ಲಿಷಿಗೆ ಕಟ್ಟಿ ಮುಗಿಸಿದ ಮೇಲೆ ಕನ್ನಡವನ್ನು ಒಳಗೆ ತುರುಕಿದರೆ ಕತ್ತರಿ ಬೀಳುವುದು ಒತ್ತಿನ ಮೇಲೇ.

ಮರುದಿನ ಬ್ರೂನೆಲ್ ವಿಶ್ವವಿದ್ಯಾಲಯದ ಆವರಣದಲ್ಲಿ ಅಡ್ಡಾಡಿದೆ. 1966ರಲ್ಲಿ ಸನದು ಪಡೆದ ಸಂಸ್ಥೆ. ದಪ್ಪ ಕಾಂಕ್ರೀಟಿನ ಅದರ ಉಪನ್ಯಾಸ ಕಟ್ಟಡ ಕ್ಯೂಬ್ರಿಕ್‌ರ 'ಎ ಕ್ಲಾಕ್‌ವರ್ಕ್ ಆರೆಂಜ್' ಸಿನಿಮಾದಲ್ಲಿ ಕಾಣಿಸಿಕೊಂಡಿದೆ. ಸಂಸ್ಥೆಗೆ ಹೆಸರು ಕೊಟ್ಟ ಇಸಂಬಾರ್ಡ್ ಬ್ರೂನೆಲ್ ಗ್ರೇಟ್ ವೆಸ್ಟರ್ನ್ ರೈಲು ಮಾರ್ಗ ಕಟ್ಟಿದ ಎಂಜಿನಿಯರ್. 1838ರಲ್ಲಿ ಅದರ ಮೊದಲ ಹಂತ ಅಕ್ಸ್‌ಬ್ರಿಡ್ಜ್‌ನ ದಕ್ಷಿಣಕ್ಕೆ, ವೆಸ್ಟ್ ಡ್ರೇಟನ್ ಮೂಲಕ ಹಾದುಹೋಯಿತು. ಹಳಿಗಳ ನಡುವೆ ಏಳು ಅಡಿಗೂ ತುಸು ಹೆಚ್ಚು ಅಂತರವಿದ್ದರೆ ರೈಲು ವೇಗವಾಗಿಯೂ ಸ್ಥಿರವಾಗಿಯೂ ಓಡುತ್ತದೆ ಎಂಬುದು ಅವನ ವಾದ. ಓಡಿದ್ದೂ ಹೌದು. ಆದರೆ ಉಳಿದ ಬಹುತೇಕ ಕಂಪನಿಗಳ ಹಳಿಗಳ ಅಂತರ 4 ಅಡಿ 8½ ಇಂಚು. ಗ್ಲಾಸ್ಟರ್‌ನಲ್ಲಿ ಎರಡು ಅಳತೆಗಳು ಎದುರಾದಾಗ ಪ್ರಯಾಣಿಕರು, ಸರಕು ಎಲ್ಲವೂ ಒಂದು ರೈಲಿನಿಂದ ಇಳಿದು ಇನ್ನೊಂದಕ್ಕೆ ಹತ್ತಬೇಕಾಯಿತು. 1892ರಲ್ಲಿ ಬ್ರೂನೆಲ್‌ನ ಅಗಲದ ಹಳಿ ಪೂರ್ತಿ ಕಣ್ಮರೆಯಾಯಿತು.

ಕನ್ನಡ ಗಣಕದ ಚರಿತ್ರೆ ಬಲ್ಲವರಿಗೆ ಆ ಗ್ಲಾಸ್ಟರ್ ಚೆನ್ನಾಗಿ ಗೊತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು, ಆದರೂ ಬಹಳ ಕಾಲ ಒಬ್ಬೊಬ್ಬರು ಒಂದೊಂದು ತಂತ್ರಾಂಶದಲ್ಲಿ, ಅದರದೇ ಫಾಂಟ್ ನೆಚ್ಚಿಕೊಂಡು ಟೈಪ್ ಮಾಡಿದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಬರುವುದು ಅರ್ಥವಿಲ್ಲದ ಗುರುತುಗಳು. ಎಷ್ಟೋ ಕತೆ, ಸಂಶೋಧನೆ, ಪತ್ರಿಕೆಗಳ ಹಳೆಯ ಸಂಚಿಕೆ ಈಗಲೂ ಒಂದು ಹಳಿಯಿಂದ ಇನ್ನೊಂದಕ್ಕೆ ಇಳಿಸಿ ಹೇರುವ ಕೂಲಿ ಕೇಳುತ್ತವೆ. ಒಳ್ಳೆಯ ಪಠ್ಯಗಳು ಹೀಗೆ ಸಿಕ್ಕಿಕೊಂಡಿರುವುದನ್ನು ದಿನವೂ ನೋಡುವ ನನಗೆ, ತನ್ನೊಳಗೆ ಎಷ್ಟೇ ಚೆನ್ನಾಗಿದ್ದರೂ ಪಕ್ಕದವರ ಹಳಿಗೆ ಕೂಡದ ವಸ್ತುವನ್ನು ಮೆಚ್ಚಲು ಆಗುವುದಿಲ್ಲ.

ಹಾಗೆ ಕೂಡುವಂತೆ ಮಾಡಿದವರೂ ನಮ್ಮಲ್ಲಿದ್ದಾರೆ. ಮಂಗಳೂರು ಕಡೆಯ ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರು, ಮಾಮೂಲಿ ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದರು. ಒತ್ತಕ್ಷರಗಳಿಗೆ ಬೇರೆ ಕೀಲಿಗಳೇ ಇಲ್ಲ. 'ಅಕ್ಕ' ಬೇಕಾದರೆ ಎ ಒತ್ತಿ, ಕೆ ಒತ್ತಿ, ಕೊಂಡಿಗೆ ಎಫ್ ಒತ್ತಿ, ಮತ್ತೆ ಕೆ. ಒತ್ತು ಎಲ್ಲಿ, ಯಾವ ಆಕಾರದಲ್ಲಿ ಬರಬೇಕೆಂಬ ಚಿಂತೆ ಯಂತ್ರದ್ದು. ಬರೆಯುವವರು ನುಡಿಯನ್ನು ಬಲ್ಲರೆ ಸಾಕು. ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶದ ಮೂಲಕ ಅದನ್ನು ಜನಕ್ಕೆ ಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆ ವಿನ್ಯಾಸಕ್ಕೂ ಅದೇ ತಳಹದಿ. ಈ ಸಾಲುಗಳನ್ನು ನಾನು ಬರೆಯುತ್ತಿರುವುದೂ ಆ ವಿನ್ಯಾಸದಲ್ಲೇ.

ಪುಸ್ತಕದ ವಿಷಯಕ್ಕೆ ಬಂದರೆ, ಅಕ್ಸ್‌ಬ್ರಿಡ್ಜ್‌ನಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಹೋಗಿ ಸೇರಬಹುದಾದ ಇನ್ನೊಂದು ಊರನ್ನು ಹೇಳದೆ ಬಿಡಲಾಗದು. ಹಾರ್ಮಂಡ್ಸ್‌ವರ್ತ್. ಹಳೆಯ ಪೆಂಗ್ವಿನ್ ಪುಸ್ತಕ ಕೈಯಲ್ಲಿ ಹಿಡಿದವರೆಲ್ಲ ಈ ಹೆಸರನ್ನು ಕಂಡಿರುತ್ತಾರೆ. ಮೊದಲ ಪುಟಗಳಲ್ಲಿ 'ಹಾರ್ಮಂಡ್ಸ್‌ವರ್ತ್, ಮಿಡ್ಲ್‌ಸೆಕ್ಸ್' ಎಂದು ವಿಳಾಸ ಅಚ್ಚಾಗಿರುತ್ತಿತ್ತು. ಕಾಲೇಜಿನ ದಿನಗಳಲ್ಲಿ ಅದನ್ನು ನಾನು ದೊಡ್ಡ ನಗರ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಒಂದು ಚರ್ಚು, ಕೆಲವು ಹಳೆಯ ಮನೆ, 1426ರಲ್ಲಿ ಓಕ್ ಮರದಿಂದ ಕಟ್ಟಿದ ಅದ್ಭುತವಾದ ಕಣಜ. ಹೀಥ್ರೂ ವಿಮಾನಗಳು ತಲೆಯ ಮೇಲೇ ಎಂಬಷ್ಟು ಹತ್ತಿರ. ಪೆಂಗ್ವಿನ್ ಇದ್ದದ್ದು ಊರಿಗೆ ತಾಗಿದ ಬಾತ್ ರಸ್ತೆಯಲ್ಲಿ, ಅಲ್ಲಿ ಈಗ ವಿಮಾನ ನಿಲ್ದಾಣದ ಹೋಟೆಲುಗಳ ಸಾಲು. ಸಂಸ್ಥೆ ಅಲ್ಲಿಂದ ಎದ್ದುಹೋಗಿ ಕಾಲವಾಯಿತು.

ಆಲನ್ ಲೇನ್ 1935ರಲ್ಲಿ ಪೆಂಗ್ವಿನ್ ಶುರುಮಾಡಿದಾಗ ಒಂದು ಪುಸ್ತಕಕ್ಕೆ ಆರು ಪೆನ್ಸ್, ಒಂದು ಸಿಗರೇಟು ಪ್ಯಾಕಿನ ಬೆಲೆ. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ನೀಲಿ. ಇಲ್ಲೂ ಬಣ್ಣ ನೋಡಿಯೇ ಓದುಗ ತನ್ನದನ್ನು ಗುರುತಿಸಬೇಕು. ಪುಸ್ತಕದ ಅಂಗಡಿಗಳು ಹಿಂಜರಿದಾಗ ವುಲ್‌ವರ್ತ್ಸ್ ಎಂಬ ಅಗ್ಗದ ಸಾಮಾನಿನ ಅಂಗಡಿಗಳ ಸರಣಿ 63,500 ಪ್ರತಿ ತರಿಸಿಕೊಂಡು ಕೈಹಿಡಿಯಿತು. 1937ರಲ್ಲಿ ಹಾರ್ಮಂಡ್ಸ್‌ವರ್ತ್‌ಗೆ ಬಂದರು. ಅದೇ ವರ್ಷ ಜ್ಞಾನವಿಜ್ಞಾನದ ಪೆಲಿಕನ್ ಮಾಲೆ ಹುಟ್ಟಿತು, ಅದರ ಮೊದಲ ಸಂಪಾದಕರಲ್ಲಿ ಒಬ್ಬರು ಮುಂದೆ ಭಾರತದ ರಕ್ಷಣಾ ಮಂತ್ರಿಯಾದ ವಿ.ಕೆ. ಕೃಷ್ಣ ಮೆನನ್.

ಇದನ್ನು ಓದುವ ಕನ್ನಡಿಗರಿಗೆ ಧಾರವಾಡ ನೆನಪಾಗದೆ ಇರದು. ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದ್ದು 1933ರಲ್ಲಿ, ಪೆಂಗ್ವಿನ್‌ಗಿಂತ ಎರಡು ವರ್ಷ ಮುಂಚೆ. ಅಂಗಡಿಗಳನ್ನು ನಂಬದೆ ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡರು. ದುಡ್ಡು ಮೊದಲು, ಪುಸ್ತಕ ಅಂಚೆಯಲ್ಲಿ ಆಮೇಲೆ. ಸುಭಾಸ ರಸ್ತೆಯ ಆ 'ಅಟ್ಟ'ದಲ್ಲಿ ಲೇಖಕರು ಕೂತು ಚರ್ಚಿಸಿದ ಹಸ್ತಪ್ರತಿಗಳು ಹಳ್ಳಿಹಳ್ಳಿಯ ಶಾಲಾ ಮಾಸ್ತರರ ಮನೆ ಸೇರಿದವು. ಗಿರೀಶ ಕಾರ್ನಾಡರ 'ಯಯಾತಿ' ಅಲ್ಲಿಂದಲೇ ಬಂತು. ಲೇನ್ ಅಗ್ಗದ ಬೆಲೆಯಿಂದ ಅಪರಿಚಿತ ಓದುಗನನ್ನು ತಲುಪಿದ, ಜೋಶಿಯವರು ವಿಶ್ವಾಸದಿಂದ ಹೆಸರು ಗೊತ್ತಿರುವ ಓದುಗನನ್ನು ತಲುಪಿದರು. ನಮ್ಮ ಇವತ್ತಿನ ತಂತ್ರಾಂಶಗಳು ಲೇನ್‌ನ ದಾರಿಯನ್ನಷ್ಟೇ ಬಲ್ಲವು. ಕನ್ನಡದಂಥ ಭಾಷೆಯಲ್ಲಿ ಎರಡನೆಯ ದಾರಿಗೆ ಹೆಚ್ಚು ಆಯುಷ್ಯ ಇದೆ ಎಂದು ನನ್ನ ಅನುಭವ ಹೇಳುತ್ತದೆ.

ಹಾರ್ಮಂಡ್ಸ್‌ವರ್ತ್‌ನ ವಿಳಾಸ ಹೊತ್ತ ಪುಸ್ತಕಗಳಲ್ಲಿ ಒಂದು ನೇರವಾಗಿ ನಮ್ಮದು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ವಚನಗಳನ್ನು ಇಂಗ್ಲಿಷಿಗೆ ತಂದ 'ಸ್ಪೀಕಿಂಗ್ ಆಫ್ ಶಿವ', 1973ರಲ್ಲಿ ಪೆಂಗ್ವಿನ್ ಕ್ಲಾಸಿಕ್ಸ್‌ನಲ್ಲಿ ಬಂತು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ. ಈ ವಚನಗಳು ನಡೆದುಬಂದ ಹಾದಿಯನ್ನು ಓದುವವರ ಕಡೆಯಿಂದ ನೋಡಬೇಕು. ತಾಳೆಗರಿಯಲ್ಲಿ ಪದಗಳ ನಡುವೆ ಜಾಗವಿಲ್ಲ, ಅಕ್ಷರಗಳು ಒಂದರ ಬೆನ್ನಿಗೆ ಒಂದು. ಎಲ್ಲಿ ಒಡೆಯಬೇಕೆಂದು ಓದುವವರೇ ತಿಳಿದಿರಬೇಕು. 1920ರ ದಶಕದಲ್ಲಿ ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು ಕಟ್ಟುಗಳನ್ನು ಕೂಡಿಹಾಕಿದರು, ಮನೆ ಮಾರಿ ಮುದ್ರಣಾಲಯ ಹಾಕಿದರು, ವಚನಗಳನ್ನು ಬಿಡಿಸಿ ಅಚ್ಚಿಗಿಳಿಸಿದರು. ರಾಮಾನುಜನ್ ಇನ್ನೂ ಒಂದು ಹೆಜ್ಜೆ ಹೋಗಿ ವಚನವನ್ನು ಸಾಲು ಸಾಲಾಗಿ ಒಡೆದು, ಕೆಲವನ್ನು ಒಳಕ್ಕೆ ಸರಿಸಿ, ಉಸಿರು ಎಲ್ಲಿ ನಿಲ್ಲಬೇಕು ಎಂಬುದನ್ನು ಪುಟದ ಮೇಲೆ ಕಾಣುವಂತೆ ಮಾಡಿದರು. ಪ್ರತಿ ಹಂತದಲ್ಲೂ ಯಾರೋ ಒಬ್ಬರು ಓದುಗನ ಹೊರೆಯಲ್ಲಿ ಒಂದು ಪಾಲು ತಮ್ಮ ಹೆಗಲಿಗೆ ತೆಗೆದುಕೊಂಡಿದ್ದಾರೆ. ಹಳಕಟ್ಟಿಯವರನ್ನು ನಾವು ವಚನ ಪಿತಾಮಹ ಎಂದು ಗೌರವಿಸುತ್ತೇವೆ. ನಮ್ಮ ವಿನ್ಯಾಸದ ಶಾಲೆಗಳಲ್ಲಿಯೂ ಅವರ ಹೆಸರು ಕೇಳಿಬರಬೇಕು.

ಪೆಂಗ್ವಿನ್‌ನ ಒಳಪುಟಗಳಿಗೆ ಶಿಸ್ತು ತಂದವರು ಯಾನ್ ಚಿಹೋಲ್ಟ್. ಜರ್ಮನಿಯವರು, ನಾಜಿಗಳು ಬಂಧಿಸಿ ಬಿಟ್ಟಮೇಲೆ ಸ್ವಿಟ್ಜರ್ಲೆಂಡ್ ಸೇರಿದ್ದರು. 1947ರಿಂದ 1949ರವರೆಗೆ ಪೆಂಗ್ವಿನ್‌ನಲ್ಲಿದ್ದು ನೂರಾರು ಪುಸ್ತಕಗಳನ್ನು ತಿದ್ದಿದರು. ಹಲವು ಮುದ್ರಣಾಲಯಗಳು ಹಲವು ರೀತಿ ಜೋಡಿಸುತ್ತಿದ್ದ ಮೊಳೆಗಳಿಗೆ ಒಂದೇ ಪದ್ಧತಿ ಬರಲೆಂದು ನಾಲ್ಕು ಪುಟದ ನಿಯಮಾವಳಿ ಬರೆದರು: ಪದಗಳ ನಡುವೆ ಎಷ್ಟು ಜಾಗ, ಪೂರ್ಣವಿರಾಮದ ನಂತರ ಎಷ್ಟು, ದೊಡ್ಡಕ್ಷರಗಳನ್ನು ಹೇಗೆ ಬಿಡಿಸಿಡಬೇಕು. ಓದುಗನಿಗೆ ಅವರ ಹೆಸರು ತಿಳಿದಿರಲಿಲ್ಲ, ಪುಟ ಸರಾಗವಾಗಿ ಓದಿಸಿಕೊಂಡಿತು.

ನಾಲ್ಕೇ ಪುಟ ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹೀಗೆ ಅಡಕವಾಗಿ ಹೇಳಿದವರು ನಮ್ಮಲ್ಲೂ ಇದ್ದರು. ಬೆಂಗಳೂರಿನಲ್ಲಿ ಬಾಳಿ 1972ರಲ್ಲಿ ತೀರಿಕೊಂಡ ಎಸ್.ಆರ್. ರಂಗನಾಥನ್ ಗ್ರಂಥಾಲಯ ಶಾಸ್ತ್ರವನ್ನೆಲ್ಲ ಐದು ಸೂತ್ರಗಳಲ್ಲಿ ಹೇಳಿ 1931ರಲ್ಲಿ ಪ್ರಕಟಿಸಿದರು. ನಾಲ್ಕನೆಯದು ಓದುಗನ ಸಮಯ ಉಳಿಸುವುದಕ್ಕೆ ಸಂಬಂಧಿಸಿದ್ದು. ಲಂಡನ್ನಿನಲ್ಲಿ ಓದುತ್ತಿದ್ದಾಗ, ಸೆಲ್ಫ್ರಿಜಸ್ ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೊ ಜೋಡಣೆಯ ಆಟಿಕೆ ಕಂಡು, ಪುಸ್ತಕದ ವಿಷಯವನ್ನೂ ಬಿಡಿಬಿಡಿ ತುಂಡುಗಳಿಂದ ಜೋಡಿಸಿ ವರ್ಗೀಕರಿಸಬಹುದೆಂಬ ಹೊಳಹು ಅವರಿಗೆ ಬಂದದ್ದು. ಅದರಿಂದ ಹುಟ್ಟಿದ ಕೋಲನ್ ವರ್ಗೀಕರಣ 1933ರಲ್ಲಿ ಹೊರಬಂತು. ನಮ್ಮ ಊರಿನಲ್ಲೇ, ಮಲ್ಲೇಶ್ವರದ ಆಚೀಚೆ ಓಡಾಡಿಕೊಂಡಿದ್ದ ಮನುಷ್ಯ ಇಷ್ಟು ಸ್ಪಷ್ಟವಾಗಿ ಹೇಳಿಟ್ಟಿರುವಾಗ ಮಾದರಿ ಹುಡುಕಿ ನಾವು ಕ್ಯಾಲಿಫೋರ್ನಿಯಾ ಕಡೆಗೆ ನೋಡಬೇಕಾಗಿಲ್ಲ.

ನಮ್ಮ ತಂಡಕ್ಕೂ ಅಂಥ ನಾಲ್ಕು ಪುಟ ಬೇಕು. ಹಾರ್ಮಂಡ್ಸ್‌ವರ್ತ್‌ನಿಂದ ಮರಳುವ ಬಸ್ಸಿನಲ್ಲಿ ಬರೆಯತೊಡಗಿದೆ. ಗುಂಡಿಯಾಗಲಿ ಶೀರ್ಷಿಕೆಯಾಗಲಿ, ಎತ್ತರವನ್ನು 'ರಾಷ್ಟ್ರ' ಮತ್ತು 'ಶಾಸ್ತ್ರೀಯ' ಎಂಬ ಪದಗಳಿಟ್ಟು ಅಳೆಯಬೇಕು, ಬೇರೆ ಪದ ಇಟ್ಟು ಅಳೆದದ್ದು ಲೆಕ್ಕಕ್ಕಿಲ್ಲ. ಓದುಗ ಅಕ್ಷರವನ್ನು ದೊಡ್ಡದು ಮಾಡಿಕೊಂಡರೆ ಸಾಲುಗಳ ಅಂತರವೂ ಅದರ ಜೊತೆ ಬೆಳೆಯಬೇಕು. ಉದ್ದನೆಯ ಪದ ಸಾಲಿನ ಕೊನೆಯಲ್ಲಿ ಮುರಿಯಲೇಬೇಕಾದರೆ ಅಕ್ಷರದ ಗಡಿಯಲ್ಲಿ ಮುರಿಯಲಿ, ಒತ್ತು ತನ್ನ ಅಕ್ಷರವನ್ನು ಬಿಟ್ಟು ಕೆಳಗಿನ ಸಾಲಿಗೆ ಹೋಗಕೂಡದು. ನಾವು ಕೊಡುವ ಯಾವ ಪಠ್ಯವೂ ನಮ್ಮದೇ ಫಾಂಟ್ ಇದ್ದರಷ್ಟೇ ಓದಲು ಬರುವಂತೆ ಇರಕೂಡದು. ಸುದ್ದಿಯ ದಿನಾಂಕ ಶೀರ್ಷಿಕೆಯ ಮೇಲೆ, ಅದರಷ್ಟೇ ಕಪ್ಪಾಗಿ, ಹಂಚಿಕೊಂಡಾಗ ಕಳಚಿಹೋಗದಂತೆ ಚಿತ್ರದ ಭಾಗವಾಗಿಯೇ ಬರಬೇಕು.

ಸುದ್ದಿಯ ವಯಸ್ಸಿಗೆ ಬಣ್ಣ ಕೊಡುವುದೋ ಬೇಡವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಯುದ್ಧದ ಮೇಜಿಗೆ ಹದಿನೈದು ನಿಮಿಷದ ಸುತ್ತು ಸರಿಹೋಯಿತು. ಅಣೆಕಟ್ಟಿನ ನೀರಿನ ಮಟ್ಟದ ಸುದ್ದಿ ಒಂದು ದಿನಕ್ಕೆ ಹಳತಾಗುತ್ತದೆ, ಬೆಳೆವಿಮೆಯ ಕೊನೆಯ ದಿನಾಂಕದ ಸುದ್ದಿ ಆ ದಿನ ಕಳೆದ ಕೂಡಲೇ ಅಪಾಯಕಾರಿ, ವಚನಕ್ಕೆ ವಯಸ್ಸೇ ಇಲ್ಲ. ಒಂದೊಂದು ಬಗೆಯ ಬರಹಕ್ಕೆ ಅದರದೇ ಗಡಿಯಾರ ಬೇಕು ಎಂದರೆ ನಿಯಮಾವಳಿ ನಾಲ್ಕು ಪುಟಕ್ಕೆ ನಿಲ್ಲುವುದಿಲ್ಲ. ಬಣ್ಣ ಗುರುತಿಸಲಾಗದ ಓದುಗರಿಗೆ ಅದೇ ಮಾಹಿತಿ ಬೇರೆ ರೀತಿಯಲ್ಲೂ ಕಾಣಬೇಕು. ಸದ್ಯಕ್ಕೆ ಬರಹಗಳನ್ನು ಮೂರೇ ಬಗೆಗೆ ಇಳಿಸಿ ನೋಡುತ್ತಿದ್ದೇವೆ: ಇಂದಿನದು, ಅವಧಿ ಮುಗಿಯುವಂಥದ್ದು, ಉಳಿಯುವಂಥದ್ದು. ಎರಡನೆಯ ಬಗೆ ತನ್ನ ದಿನ ದಾಟಿದ ಮೇಲೆ ಮೊದಲ ಪುಟದಿಂದ ತಾನಾಗಿಯೇ ಇಳಿದುಹೋಗುತ್ತದೆ. ಗುಂಡಿಗಳ ಹೊಸ ಅಳತೆಯ ಮೊದಲ ಪರೀಕ್ಷೆಗೆ ಹಿಲಿಂಗ್‌ಡನ್ನಿನ ಹುಡುಗಿಯನ್ನು ಒಪ್ಪಿಸಿದ್ದೇನೆ. ಬರೀ ಒತ್ತಕ್ಷರಗಳಿರುವ ಪದಗಳ ಒಂದು ಪಟ್ಟಿ ಅವಳ ಅಪ್ಪನ ಫೋನಿಗೆ ಹೋಗಿದೆ, ಕಂಡದ್ದನ್ನು ಕಂಡಂತೆ ಓದಿ ಧ್ವನಿಮುದ್ರಿಸಿ ಕಳಿಸಬೇಕು, ಅಪ್ಪ ಪಕ್ಕದಲ್ಲಿ ಕೂತು ತಿದ್ದಬಾರದು.